ಎರಡನೇ ಸಲ ಹೋಗಲು ದುಡ್ಡಿಲ್ಲ

ಪದವಿ ಕಾಲೇಜಿನ ಸಮಾಜಶಾಸ್ತ್ರದ ಮೇಷ್ಟರಿಗೆ ಸಿಗುವ ಕಿರು ಸಂಶೋಧನಾ ಅನುದಾನದ ಬಗ್ಗೆ ಎರಡು ದೂರುಗಳು ಬಹಳ ಕಾಲದಿಂದ ಓಡಾಡುತ್ತಿವೆ. ಕೆಲಸ ಕಳಪೆ ಎನ್ನುವುದು ದುಡ್ಡು ಕೊಡುವವರ ದೂರು. ದುಡ್ಡು ಸಾಲದು ಎನ್ನುವುದು ಪಡೆಯುವವರದು. ಇಬ್ಬರೂ ಅನುದಾನದ ಗಾತ್ರವನ್ನೇ ನೋಡುತ್ತಿದ್ದಾರೆ, ಅದರ ಕಟ್ಟುಪಾಡನ್ನು ನೋಡುತ್ತಿಲ್ಲ. ಒಂದು ಹಳ್ಳಿಯನ್ನು ಅರಿಯಲು ಎಷ್ಟು ಹಣ ಬೇಕು ಎಂಬ ಪ್ರಶ್ನೆಗಿಂತ ಎಷ್ಟು ಸಲ ಹೋಗಬೇಕು ಎಂಬುದು ದೊಡ್ಡ ಪ್ರಶ್ನೆ. ನಮ್ಮ ಅನುದಾನಗಳು ಒಂದೇ ಸಲಕ್ಕೆ ಹಣ ಕೊಡುತ್ತವೆ.

ಇದನ್ನು ಮಂಡ್ಯ ಜಿಲ್ಲೆಯನ್ನು ಮುಂದಿಟ್ಟುಕೊಂಡು ಹೇಳಲು ಕಾರಣವಿದೆ. ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಆರ್ಥಿಕ ಮಾನವಶಾಸ್ತ್ರ ಓದುವವರಿಗೆ ಈ ಜಿಲ್ಲೆಯ ಎರಡು ಹಳ್ಳಿಗಳು ಗೊತ್ತು. ವಾಂಗಲ, ದಲೇನ. ಇವು ನಿಜವಾದ ಹೆಸರುಗಳಲ್ಲ, ಸ್ಕಾರ್ಲೆಟ್ ಎಪ್‌ಸ್ಟೀನ್ ಇಟ್ಟ ಹೆಸರುಗಳು. ನಾಜಿಗಳಿಂದ ತಪ್ಪಿಸಿಕೊಂಡು ವಿಯೆನ್ನಾದಿಂದ ಇಂಗ್ಲೆಂಡ್ ಸೇರಿದ್ದ ಈ ಯಹೂದಿ ಹೆಣ್ಣುಮಗಳು ಮ್ಯಾಂಚೆಸ್ಟರಿನಲ್ಲಿ ಓದಿ, 1954ರಲ್ಲಿ ಮಂಡ್ಯಕ್ಕೆ ಬಂದು, 1956ರವರೆಗೆ ಈ ಎರಡು ಊರುಗಳಲ್ಲಿ ಕೆಲಸ ಮಾಡಿದರು. ಎರಡೂ ಒಕ್ಕಲಿಗರು ಹೆಚ್ಚಾಗಿರುವ ಊರು. ನಡುವಿನ ವ್ಯತ್ಯಾಸ ಒಂದೇ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ವಾಂಗಲದ ಗದ್ದೆಗೆ ಹರಿಯಿತು. ದಲೇನದ ಜಮೀನು ನಾಲೆಯ ಮಟ್ಟಕ್ಕಿಂತ ಮೇಲಿದ್ದುದರಿಂದ ಅಲ್ಲಿ ಹೊಲ ಹೊಲವಾಗಿಯೇ ಉಳಿಯಿತು.

ನೀರು ಬಂದ ಊರು ಬದಲಾಗುತ್ತದೆ, ಬಾರದ ಊರು ಹಳೆಯದಾಗಿಯೇ ಇರುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಎಪ್‌ಸ್ಟೀನ್ ಕಂಡದ್ದು ತದ್ವಿರುದ್ಧ. ವಾಂಗಲದಲ್ಲಿ ಕಬ್ಬು ಬಂತು, 1933ರಲ್ಲಿ ಹುಟ್ಟಿದ ಮೈಷುಗರ್ ಸಕ್ಕರೆ ಕಾರ್ಖಾನೆ ಕಬ್ಬು ಕೊಳ್ಳುವ ಒಪ್ಪಿಗೆ ಬಂತು, ಕೈಗೆ ಕಾಸು ಬಂತು. ಆದರೆ ಒಕ್ಕಲುತನ ಒಕ್ಕಲುತನವಾಗಿಯೇ ಉಳಿದದ್ದರಿಂದ ಯಜಮಾನಿಕೆ, ಆಳುಗಳ ವಂಶಪಾರಂಪರ್ಯ ಸಂಬಂಧ, ಮೇಲುಕೀಳು ಎಲ್ಲವೂ ಮೊದಲಿಗಿಂತ ಗಟ್ಟಿಯಾಗಿ ನಿಂತವು. ದಲೇನದವರಿಗೆ ನೆಲ ನೆಚ್ಚಿ ಕೂರುವ ದಾರಿಯೇ ಇರಲಿಲ್ಲ. ಅವರು ಸೈಕಲ್ ಹತ್ತಿ ಮಂಡ್ಯಕ್ಕೆ ಕೆಲಸಕ್ಕೆ ಹೋದರು, ವ್ಯಾಪಾರಕ್ಕಿಳಿದರು, ಹಿಟ್ಟಿನ ಗಿರಣಿ ಹಾಕಿದರು, ಪಕ್ಕದ ಊರುಗಳಲ್ಲಿ ನೀರಾವರಿ ಜಮೀನು ಕೊಂಡರು. ಅಲ್ಲಿ ಹಳೆಯ ಕಟ್ಟು ಸಡಿಲವಾಯಿತು. ಇದನ್ನು ದಾಖಲಿಸಿ 1962ರಲ್ಲಿ ಬಂದ ಅವರ ಪುಸ್ತಕ ಅಭಿವೃದ್ಧಿ ಎಂಬ ಮಾತನ್ನು ಸಲೀಸಾಗಿ ಆಡುವವರ ಬಾಯಿಗೆ ಇಂದಿಗೂ ಒಂದು ಕಡಿವಾಣ.

ಆಮೇಲೆ ನಡೆದದ್ದು ಇನ್ನೂ ಮುಖ್ಯ. 1970ರಲ್ಲಿ ಎಪ್‌ಸ್ಟೀನ್ ಅದೇ ಊರುಗಳಿಗೆ ಮರಳಿ ಬಂದರು. 1973ರಲ್ಲಿ ಎರಡನೇ ಪುಸ್ತಕ ಬಂತು. 1998ರಲ್ಲಿ, ಮೊದಲ ಭೇಟಿಯಾಗಿ ನಲವತ್ತು ವರ್ಷ ದಾಟಿದ ಮೇಲೆ, ಎ.ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡರ ಜೊತೆ ಸೇರಿ ಮೂರನೆಯದನ್ನು ಬರೆದರು. ತೆರ ಕೊಟ್ಟು ಹೆಣ್ಣು ತರುತ್ತಿದ್ದ ಮನೆಗಳಿಗೆ ವರದಕ್ಷಿಣೆ ಕಾಲಿಟ್ಟದ್ದು ಕಣ್ಣಿಗೆ ಬಿದ್ದದ್ದು ಮರಳಿ ಬಂದದ್ದರಿಂದ. ಮೊದಲ ಸಲ ಮಾತ್ರ ಬಂದು ಹೋಗಿದ್ದರೆ ತೆರ ಈ ಸೀಮೆಯ ಸನಾತನ ಪದ್ಧತಿ ಎಂದು ಬರೆದಿಟ್ಟು ಮುಗಿಸಬೇಕಾಗುತ್ತಿತ್ತು.

ಈಗ ನಮ್ಮ ಕಿರು ಅನುದಾನದ ಕಡೆಗೆ ಬರೋಣ. ವಿಶ್ವವಿದ್ಯಾಲಯ ಅನುದಾನ ಆಯೋಗದ ಕಿರು ಸಂಶೋಧನಾ ಯೋಜನೆ ತಾಲೂಕು ಕೇಂದ್ರದ ಅಧ್ಯಾಪಕರಿಗೆ ದೊರಕುತ್ತಿದ್ದ ಬಹುಮಟ್ಟಿಗೆ ಒಂದೇ ಬಾಗಿಲಾಗಿತ್ತು. ಕಾಲೇಜು ಆಯೋಗದ ಕಾಯ್ದೆಯ 2ಎಫ್ ಮತ್ತು 12ಬಿ ಕಲಮುಗಳ ಪಟ್ಟಿಯಲ್ಲಿರಬೇಕಿತ್ತು, ಅಧ್ಯಾಪಕರು ಕಾಯಂ ಆಗಿರಬೇಕಿತ್ತು. ಆಯೋಗದ 2010ರ ನಿಯಮಾವಳಿ ಬಡ್ತಿಗೆ ಅಂಕ ಕಟ್ಟಿದ ಮೇಲೆ ಈ ಬಾಗಿಲ ಮುಂದೆ ಸಾಲು ಉದ್ದವಾಯಿತು. ಅಂಕಕ್ಕಾಗಿ ಸಂಶೋಧನೆ ಮಾಡಿದವರನ್ನು ನಾನು ಹಳಿಯುವುದಿಲ್ಲ. ಅಂಕವಿಲ್ಲದಿದ್ದರೆ ಎಷ್ಟೋ ಮಂದಿ ಹೊಸ್ತಿಲನ್ನೇ ದಾಟುತ್ತಿರಲಿಲ್ಲ. ಹನ್ನೆರಡನೇ ಪಂಚವಾರ್ಷಿಕ ಯೋಜನೆ 2017ರಲ್ಲಿ ಮುಗಿದ ಮೇಲೆ ಆ ಬಾಗಿಲೂ ಮುಚ್ಚಿಕೊಂಡಿತು. ಈಗ ಉಳಿದಿರುವುದು ಮುಖ್ಯವಾಗಿ 1969ರಲ್ಲಿ ಸ್ಥಾಪನೆಯಾದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು, ಅಂದರೆ ಐಸಿಎಸ್‌ಎಸ್‌ಆರ್. ಅಲ್ಲಿ ಮಳವಳ್ಳಿಯ ಅಧ್ಯಾಪಕ ದಿಲ್ಲಿಯ ಪ್ರಾಧ್ಯಾಪಕರ ಜೊತೆ ಸ್ಪರ್ಧಿಸಬೇಕು, ಇಂಗ್ಲಿಷಿನ ಪ್ರಸ್ತಾವನೆಯ ವರಸೆ ಗೊತ್ತಿರಬೇಕು.

ಹಾಗೆ ಬಂದ ಹಣದಲ್ಲಿ ತಯಾರಾಗುವ ವರದಿಯ ಅಚ್ಚು ಎಲ್ಲೆಡೆ ಒಂದೇ. ಪೀಠಿಕೆ, ಸಾಹಿತ್ಯ ಸಮೀಕ್ಷೆ, ಅಧ್ಯಯನದ ಉದ್ದೇಶಗಳು, ಜಿಲ್ಲೆಯ ಕಿರುಪರಿಚಯ (ಮಳೆಯ ಪ್ರಮಾಣದ ಸಮೇತ, ಯಾಕೆಂದು ದೇವರಿಗೇ ಗೊತ್ತು), ಕೋಷ್ಟಕಗಳು, ಸಲಹೆಗಳು. ಮುನ್ನೂರು ಉತ್ತರದಾತರು, ಮೂರು ತಾಲೂಕು, ತಾಲೂಕಿಗೆ ನೂರು. ಕೊನೆಗೆ ಸರ್ಕಾರ ಜಾಗೃತಿ ಮೂಡಿಸಬೇಕು ಎಂಬ ಶಿಫಾರಸು. ಇದನ್ನು ಬರೆಯುವವರು ಪೆದ್ದರೇನಲ್ಲ. ಅದೇ ಮೇಷ್ಟರು ಕಾಫಿ ಹೋಟೆಲಿನಲ್ಲಿ ಕೂತು ತಮ್ಮೂರಿನ ಬಗ್ಗೆ ಹೇಳುವ ಹತ್ತು ಮಾತಿನಲ್ಲಿ ಆ ವರದಿಗಿಂತ ಹೆಚ್ಚು ಸಮಾಜಶಾಸ್ತ್ರ ಇರುತ್ತದೆ. ಅನುದಾನ ಕೇಳುವುದು ಅಚ್ಚನ್ನು. ಒಂದು ವರ್ಷದಲ್ಲಿ, ಪಾಠ, ಪರೀಕ್ಷೆ, ಮೌಲ್ಯಮಾಪನ, ಚುನಾವಣಾ ಕೆಲಸಗಳ ನಡುವೆ ಮುಗಿಸಬೇಕಾದ ಕೆಲಸಕ್ಕೆ ಮುದ್ರಿತ ಪ್ರಶ್ನಾವಳಿಗಿಂತ ಬೇರೆ ಉಪಾಯ ಇಲ್ಲ.

ಪ್ರಶ್ನಾವಳಿ ಎಲ್ಲಿ ಎಡವುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮದ್ದೂರು ತಾಲೂಕಿನ ಯಾವುದೇ ಊರಿನ ಜಗಲಿಯ ಮೇಲೆ ಕೂತು ಮೂರನೇ ಪ್ರಶ್ನೆ ಕೇಳಿ: ನಿಮ್ಮದು ಅವಿಭಕ್ತ ಕುಟುಂಬವೋ, ವಿಭಕ್ತ ಕುಟುಂಬವೋ? ಎರಡು ಚೌಕಗಳಿವೆ, ಒಂದಕ್ಕೆ ಗುರುತು ಹಾಕಬೇಕು. ಎದುರಿಗಿರುವ ಯಜಮಾನ, "ಒಲೆ ಬ್ಯಾರೆ ಮಾಡ್ಕಂಡಿವಿ ಮೇಷ್ಟ್ರೆ, ಬ್ಯಾಸಾಯ ಒಂದೇಯ" ಎನ್ನುತ್ತಾನೆ. ಅಂದರೆ ಅಣ್ಣತಮ್ಮಂದಿರು ಬೇರೆ ಬೇರೆ ಉಣ್ಣುತ್ತಾರೆ. ಪಂಪ್‌ಸೆಟ್ಟು ಒಂದೇ, ಕಬ್ಬಿನ ಒಪ್ಪಿಗೆ ಒಬ್ಬನ ಹೆಸರಲ್ಲಿ, ಸೊಸೈಟಿ ಸಾಲ ಇನ್ನೊಬ್ಬನ ಹೆಸರಲ್ಲಿ, ತಂಗಿಯ ಬಾಣಂತನದ ಖರ್ಚು ಎಲ್ಲರದೂ. ಯಾವ ಚೌಕಕ್ಕೆ ಗುರುತು? ಎಪ್‌ಸ್ಟೀನ್ 1970ರಲ್ಲಿ ಇಂಥ ಮನೆಗಳನ್ನೇ ಕಂಡು, ಇದು ಎರಡರಲ್ಲಿ ಯಾವುದೂ ಅಲ್ಲವೆಂದು ಅದಕ್ಕೆ ಷೇರ್ ಫ್ಯಾಮಿಲಿ ಎಂಬ ಬೇರೆಯೇ ವರ್ಗ ಮಾಡಿಕೊಂಡರು. ಅರ್ಧ ಶತಮಾನ ಕಳೆದರೂ ಮಂಡ್ಯದಲ್ಲೇ ಹಂಚುವ ಪ್ರಶ್ನಾವಳಿಯಲ್ಲಿ ಮೂರನೇ ಚೌಕ ಬಂದಿಲ್ಲ.

ನಾಲ್ಕನೇ ಪ್ರಶ್ನೆ, ನಿಮ್ಮ ಹೆಸರಿನಲ್ಲಿ ಎಷ್ಟು ಜಮೀನಿದೆ? ಪಹಣಿ ತೀರಿಹೋದ ತಾತನ ಹೆಸರಿನಲ್ಲಿದೆ, ಪೌತಿ ಖಾತೆ ಆಗಿಲ್ಲ, ಉಳುವವನು ಈತ, ಪಾಲಿಗೆ ಹಕ್ಕಿರುವ ಅತ್ತೆಯರು ಇಬ್ಬರು ಬೆಂಗಳೂರಿನಲ್ಲಿದ್ದಾರೆ. ಉತ್ತರದಾತ ಸ್ವಲ್ಪ ಯೋಚಿಸಿ "ಒಂದೆಕ್ರೆ ಅಂತ ಬರ್ಕಳಿ" ಎನ್ನುತ್ತಾನೆ. ಆ ಒಂದೆಕರೆ ಕೋಷ್ಟಕ ಸೇರಿ, ಶೇಕಡಾವಾರಾಗಿ, ಅತಿಸಣ್ಣ ಹಿಡುವಳಿದಾರರ ಪಟ್ಟಿಯಲ್ಲಿ ಕೂರುತ್ತದೆ. ಆಮೇಲೆ ಅದರ ಮೇಲೆ ಕೈ-ವರ್ಗ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ ಮಾಡಿದರೂ ಅಷ್ಟೆ, ಬಿಟ್ಟರೂ ಅಷ್ಟೆ.

ಕೆಲವು ಸಂಗತಿಗಳು ಯಾವ ಪ್ರಶ್ನೆಗೂ ಉತ್ತರವಾಗಿ ಬರುವುದಿಲ್ಲ. ವಾಂಗಲದಲ್ಲಿ ಪರಿಶಿಷ್ಟರು ನಾಟಕ ಆಡಿದಾಗ ಸಿಂಹಾಸನದ ಮೇಲೆ ಕೂತ ಪಾತ್ರದ ಬಗ್ಗೆ ಒಕ್ಕಲಿಗರು ತೆಗೆದ ತಕರಾರು, ಅದರಿಂದ ಬೆಳೆದ ಜಗಳ ಎಪ್‌ಸ್ಟೀನರ ಪುಸ್ತಕದಲ್ಲಿದೆ. ಊರಿನಲ್ಲಿ ಜಾತಿ ತಾರತಮ್ಯ ಇದೆಯೇ ಎಂದು ಕೇಳಿದ್ದರೆ ಎರಡೂ ಕಡೆಯವರು ಇಲ್ಲವೆಂದೇ ಹೇಳಿಬಿಡುತ್ತಿದ್ದರೇನೋ. ನಾಟಕದ ಕಾಲಕ್ಕೆ ಅಲ್ಲಿದ್ದವರಿಗೆ ಅದು ದಕ್ಕಿತು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ವಿಷಯವೂ ಹೀಗೆಯೇ. ಆಕ್ಸ್‌ಫರ್ಡಿನಲ್ಲಿ ಹೊಸ ಉಪನ್ಯಾಸಕ ಹುದ್ದೆ ಸಿಕ್ಕಿದಾಗ ಮೊದಲ ವರ್ಷವನ್ನು ಕ್ಷೇತ್ರದಲ್ಲೇ ಕಳೆಯಲು ಅವರಿಗೆ ಬಿಡುವು ಕೊಟ್ಟರು. 1948ರಲ್ಲಿ ಮೈಸೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಇದ್ದು ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬಿದ್ದ ಬೆಂಕಿಯಲ್ಲಿ ಟಿಪ್ಪಣಿಗಳು ಸುಟ್ಟುಹೋದ ಮೇಲೂ 1976ರಲ್ಲಿ ನೆನಪಿನಿಂದಲೇ ಪುಸ್ತಕ ಬರೆಯಲು ಅವರಿಗೆ ಸಾಧ್ಯವಾಯಿತು. ನಮ್ಮ ಕಿರು ಯೋಜನೆಯೊಂದರ ತುಂಬಿದ ಪ್ರಶ್ನಾವಳಿಗಳು ಸುಟ್ಟುಹೋದರೆ ಸಂಶೋಧಕನ ಬಳಿ ಏನು ಉಳಿದೀತು? ಶ್ರೀನಿವಾಸರಿಗೆ ಸಿಕ್ಕಿದ್ದು ಬಿಡುವು. ಸಂಬಳದ ಜೊತೆಗಿನ ಒಂದು ವರ್ಷ.

ಇನ್ನು ಲೆಕ್ಕಪತ್ರ. ಸಮಾಜಶಾಸ್ತ್ರದ ಖರ್ಚು ರಸೀದಿ ಇಲ್ಲದ ಖರ್ಚು. ಮದ್ದೂರಿನಿಂದ ಒಳಗಿನ ಊರಿಗೆ ಹೋಗುವ ಷೇರ್ ಆಟೋದವನು ಬಿಲ್ ಕೊಡುವುದಿಲ್ಲ. ಕೇರಿಯ ಹಿರಿಯರ ಜೊತೆ ಕುಡಿದ ಟೀಗೆ, ಹಬ್ಬದ ದಿನ ಬರಿಗೈಲಿ ಹೋಗಲಾರದೆ ಒಯ್ದ ಬಾಳೆಹಣ್ಣಿಗೆ ವೋಚರ್ ಇಲ್ಲ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಮಹಿಳಾ ಸಂಶೋಧಕಿಯ ಕೈಯಲ್ಲಿರುವುದು ಸೊನ್ನೆ ರೂಪಾಯಿ ಟಿಕೆಟ್ಟು. ಬಸ್ಸಿಳಿದು ಊರು ಸೇರಲು ಆಟೋಗೆ ಕೊಟ್ಟದ್ದು ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲ. ರಸೀದಿ ಸುಲಭವಾಗಿ ಸಿಗುವುದು ಯಾವುದಕ್ಕೆ? ಲ್ಯಾಪ್‌ಟಾಪಿಗೆ, ಪ್ರಿಂಟರಿಗೆ, ಡಿಟಿಪಿಗೆ, ಪುಸ್ತಕಕ್ಕೆ, ವಿಚಾರ ಸಂಕಿರಣದ ನೋಂದಣಿ ಶುಲ್ಕಕ್ಕೆ. ಹಾಗಾಗಿ ಹಣ ಅತ್ತಲೇ ಹರಿಯುತ್ತದೆ. ಕೊನೆಗೆ ಬಳಕೆ ಪ್ರಮಾಣಪತ್ರಕ್ಕೆ ನಮೂನೆ 12-ಎ, ಅದಕ್ಕೆ ಆಡಿಟರ ಸಹಿ, ಪ್ರಾಂಶುಪಾಲರ ಸಹಿ, ಬ್ಯಾಂಕಿನಲ್ಲಿ ಬಿದ್ದಿದ್ದ ಹಣಕ್ಕೆ ಬಂದ ಬಡ್ಡಿಯ ಲೆಕ್ಕ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕು, ಒಪ್ಪೋಣ. ಆದರೆ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಹೊಲಿದ ಅಂಗಿಯನ್ನು ಹಳ್ಳಿಗೆ ಹೋಗುವವನಿಗೂ ತೊಡಿಸಿದ್ದಾರೆ. ಕ್ಷೇತ್ರಕಾರ್ಯಕ್ಕೆ ದಿನಕ್ಕಿಷ್ಟು ಎಂದು ಒಟ್ಟಾರೆ ಭತ್ಯೆ ಕೊಟ್ಟು, ದಿನಚರಿಯನ್ನೇ ದಾಖಲೆ ಎಂದು ಒಪ್ಪಿದರೆ ಈ ಗೋಳು ಬಹುಪಾಲು ತೀರುತ್ತದೆ.

ಎಪ್‌ಸ್ಟೀನರನ್ನು ತೋರಿಸಿ ತಾಲೂಕಿನ ಮೇಷ್ಟರನ್ನು ಬಯ್ಯುವುದು ಅನ್ಯಾಯವೆಂದು ಯಾರಾದರೂ ಹೇಳಬಹುದು. ಹೌದು, ಅನ್ಯಾಯವೇ. ಅವರ ಪುಸ್ತಕಗಳಿಗೂ ಕೊರತೆಗಳಿವೆ. ಊರಿನ ಕಥೆ ಬಹುಮಟ್ಟಿಗೆ ಒಕ್ಕಲಿಗ ಯಜಮಾನರ ಜಗಲಿಯಿಂದ ಕಾಣುತ್ತದೆ. ಕೇರಿಯ ಕಡೆಯಿಂದ ನೋಡಿದ್ದರೆ ನಾಲೆಯ ನೀರಿನ ಲಾಭನಷ್ಟದ ಲೆಕ್ಕ ಬೇರೆ ಇರುತ್ತಿತ್ತು. ಮೂರೂ ಪುಸ್ತಕ ಇಂಗ್ಲಿಷಿನಲ್ಲಿ ಬಂದವು. ಹೊರಗಿನಿಂದ ಬಂದವರಿಗೆ ಇರದ ಅನುಕೂಲ ಮಳವಳ್ಳಿಯ ಅಧ್ಯಾಪಕಿಗಿದೆ. ಭಾಷೆ ಕಲಿಯಬೇಕಿಲ್ಲ, ಊರು ಸೇರಲು ಹಡಗು ಹತ್ತಬೇಕಿಲ್ಲ, ತರಗತಿಯಲ್ಲಿ ಕೂತಿರುವ ಅರವತ್ತು ಮಕ್ಕಳು ಅರವತ್ತು ಮನೆಗಳಿಂದ ಬಂದವರು. ಅವಳು ಹತ್ತು ವರ್ಷ ಅಲ್ಲೇ ಇರುತ್ತಾಳೆ. ಎರಡನೇ ಭೇಟಿ, ಮೂರನೇ ಭೇಟಿ ಎಂಬುದು ಅವಳಿಗೆ ಬಸ್ಸಿನ ದೂರ. ಇಷ್ಟು ಅಗ್ಗವಾಗಿ ಸಿಗುವ ದೀರ್ಘಕಾಲದ ನೋಟವನ್ನು ಒಂದು ವರ್ಷದ ಪ್ರಶ್ನಾವಳಿಗೆ ಇಳಿಸಿರುವುದು ಈಗಿನ ವ್ಯವಸ್ಥೆಯ ಅತಿ ದೊಡ್ಡ ದಂಡ.

ಇನ್ನೊಂದು ಕಡೆ, ಆ ಅಧ್ಯಾಪಕಿ ಅತಿಥಿ ಉಪನ್ಯಾಸಕಿಯಾಗಿರುವ ಸಂಭವವೇ ಹೆಚ್ಚು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಅವರಿಗೆ ಯೋಜನೆ ಕೇಳುವ ಅರ್ಹತೆಯೇ ಇಲ್ಲ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಗಿಟ್ಟಿಸಿದ ವಿದ್ಯಾರ್ಥಿಗೆ ತಿಂಗಳಿಗೆ 37,000 ರೂಪಾಯಿ, ಐಸಿಎಸ್‌ಎಸ್‌ಆರ್‌ನ ಪಿಎಚ್.ಡಿ. ಫೆಲೋಶಿಪ್ ಸಿಕ್ಕಿದವರಿಗೆ 20,000. ಎರಡೂ ಸಿಗದೆ, ಹಳ್ಳಿಯಲ್ಲೇ ಇದ್ದು, ಆ ಹಳ್ಳಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಅತಿಥಿ ಉಪನ್ಯಾಸಕರಿಗೆ ಸೊನ್ನೆ.

ಕೇಳಬೇಕಾದ ಪ್ರಶ್ನೆಗಳಿಗಂತೂ ಈ ಜಿಲ್ಲೆಯಲ್ಲಿ ಬರವಿಲ್ಲ. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ಒಕ್ಕಲಿಗ ವಧು-ವರರ ಸಮಾವೇಶಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಗಂಡುಗಳು ಹೆಸರು ಕೊಟ್ಟರು, ಹೆಣ್ಣುಗಳು ಇನ್ನೂರೈವತ್ತರ ಆಸುಪಾಸು ಎಂದು ಪತ್ರಿಕೆಗಳು ಬರೆದವು. ಮೂರು ತಿಂಗಳಾಗುವಷ್ಟರಲ್ಲಿ, 2023ರ ಫೆಬ್ರವರಿಯಲ್ಲಿ, ಮದ್ದೂರು ತಾಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಬ್ರಹ್ಮಚಾರಿಗಳು ಪಾದಯಾತ್ರೆ ಹೊರಟರು: ಬೇಸಾಯಗಾರನಿಗೆ ಹೆಣ್ಣು ಸಿಗಲಿ ಎಂದು ಮಾದಪ್ಪನಿಗೆ ಹರಕೆ. ಟೀವಿಯವರಿಗೆ ಅದು ತಮಾಷೆಯಾಗಿ ಕಂಡಿತು. ಅದೇ ವರ್ಷದ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಈ ಮೂರೂ ಸುದ್ದಿಯನ್ನು ತೆರದಿಂದ ವರದಕ್ಷಿಣೆಗೆ ಹೊರಳಿದ ಆ ಹಳೆಯ ಕಥೆಗೆ ಜೋಡಿಸಿ ನೋಡಿ. ಹೆಣ್ಣಿಗೆ ಬೆಲೆ ಕೊಟ್ಟು ತರುತ್ತಿದ್ದ ಸಮಾಜ, ಹೆಣ್ಣಿನ ಜೊತೆ ಹಣ ಕೇಳಿದ ಸಮಾಜ, ಹೆಣ್ಣೇ ಸಿಗದೆ ಬೆಟ್ಟ ಹತ್ತಿದ ಸಮಾಜ, ಎಲ್ಲವೂ ಎರಡು ಮೂರು ತಲೆಮಾರಿನೊಳಗೆ. ಕೊಡಗೂಸು ಕಡಿಮೆಯಾದದ್ದೇ ಕಾರಣವೋ, ಓದಿದ ಹುಡುಗಿಯರು ಸಗಣಿ ಬಾಚುವ ಮನೆ ಬೇಡವೆಂದದ್ದೋ, ಜಮೀನು ತುಂಡಾದದ್ದೋ? ಒಂದು ಊರಿನ ನಲವತ್ತು ಮನೆಗಳ ಮದುವೆಯ ಚರಿತ್ರೆಯನ್ನು ನಿಧಾನಕ್ಕೆ ಬಿಡಿಸಿದರೆ ಹೇಳಬಹುದು. ಮುನ್ನೂರು ಉತ್ತರದಾತರ ಕೋಷ್ಟಕದಿಂದ ಹೇಳಲಾಗುವುದಿಲ್ಲ. ಪಾದಯಾತ್ರೆ ಹೊರಟ ಹುಡುಗರ ಜೊತೆ ನಡೆಯುವ ಸಂಶೋಧಕನಿಗಂತೂ ಯಾವ ಅನುದಾನವೂ ಸಕಾಲಕ್ಕೆ ಒದಗುವುದಿಲ್ಲ. ಅರ್ಜಿ, ಪರಿಶೀಲನೆ, ಮಂಜೂರಾತಿ ಮುಗಿಯುವಷ್ಟರಲ್ಲಿ ಜಾತ್ರೆ ಎರಡು ಸಲ ಆಗಿರುತ್ತದೆ.

ನಾಲೆಯ ಕಥೆಯೂ ಮುಗಿದಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಮಳವಳ್ಳಿ, ಮದ್ದೂರಿನ ಊರುಗಳಲ್ಲಿ ನಾಲೆಯಿದೆ, ಬೇಕಾದಾಗ ನೀರಿಲ್ಲ. ಇದು ವಾಂಗಲವೂ ಅಲ್ಲ, ದಲೇನವೂ ಅಲ್ಲ, ಮೂರನೇ ಬಗೆ. 2023ರ ಮಾರ್ಚಿನಲ್ಲಿ ಗೆಜ್ಜಲಗೆರೆಯ ಬಳಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮದ್ದೂರು ಪೇಟೆಯನ್ನು ಪಕ್ಕಕ್ಕೆ ಬಿಟ್ಟು ಮೇಲೆ ಹಾದುಹೋಯಿತು. ಹಳೆಯ ರಸ್ತೆಯ ಹೋಟೆಲು, ಎಳನೀರಿನ ಅಂಗಡಿ, ಪಂಕ್ಚರ್ ಷಾಪುಗಳ ಲೆಕ್ಕಾಚಾರ ತಲೆಕೆಳಗಾಯಿತು. ನೀರು ಒಂದು ಊರಿಗೆ ಬಂದು ಇನ್ನೊಂದಕ್ಕೆ ಬಾರದೆ ಹೋದಂತೆ ಈಗ ರಸ್ತೆಯೂ ಮಾಡಿದೆ. ಎಪ್‌ಸ್ಟೀನರಿಗೆ ಸಿಕ್ಕಿದಂಥ ಹೋಲಿಕೆಯನ್ನು ಹೆದ್ದಾರಿ ಪ್ರಾಧಿಕಾರ ಪುಕ್ಕಟೆಯಾಗಿ ಕೊಟ್ಟಿದೆ. ಈಗಲೇ ಒಂದು ಸಲ, ಐದು ವರ್ಷಕ್ಕೆ ಒಂದು ಸಲ, ಹತ್ತು ವರ್ಷಕ್ಕೆ ಮತ್ತೊಂದು ಸಲ ನೋಡುವವರಿದ್ದರೆ ಸಾಕು.

ಹಣ ಹಂಚುವ ಬಗೆಯಲ್ಲೂ ಹೊರಗೆ ಹೊಸ ಪ್ರಯೋಗಗಳು ನಡೆದಿವೆ. ಬ್ರಿಟಿಷ್ ಅಕಾಡೆಮಿಯ ಕಿರು ಅನುದಾನ 10,000 ಪೌಂಡಿನವರೆಗೆ ಸಿಗುತ್ತದೆ. 2022ರಿಂದ ಅವರು ಗುಣಮಟ್ಟದ ಗೆರೆ ದಾಟಿದ ಅರ್ಜಿಗಳನ್ನೆಲ್ಲ ಒಂದು ಕಡೆ ಹಾಕಿ ಚೀಟಿ ಎತ್ತಿದ ಹಾಗೆ ಆರಿಸುತ್ತಿದ್ದಾರೆ. ಹತ್ತಿರ ಹತ್ತಿರ ಒಂದೇ ತೂಕದ ಅರ್ಜಿಗಳ ನಡುವೆ ತಜ್ಞರು ತಮಗೆ ಪರಿಚಯವಿರುವ ಸಂಸ್ಥೆಯ ಕಡೆ ವಾಲುತ್ತಾರೆ ಎಂಬ ಅರಿವು ಇದರ ಹಿಂದಿದೆ. ನಮ್ಮಲ್ಲಿ ಚೀಟಿ ಎತ್ತಿದರೆ ಚೀಟಿಯಲ್ಲೂ ಮೋಸ ಎನ್ನುವವರಿರುತ್ತಾರೆ. ಇರಲಿ. ಶಿಫಾರಸು ಪತ್ರ ಹಿಡಿದು ಅಲೆಯುವುದಕ್ಕಿಂತ ಚೀಟಿ ಮೇಲು.

ಅದಕ್ಕಿಂತ ಮೊದಲು ಆಗಬೇಕಾದದ್ದು ಮರುಭೇಟಿಗೆಂದೇ ಒಂದು ಸಣ್ಣ ಅನುದಾನ. ಮೊತ್ತ ಮೊದಲನೆಯದರ ಅರ್ಧ ಇದ್ದರೂ ನಡೆದೀತು. ಅದೇ ಊರು, ಅವೇ ಮನೆಗಳು, ಐದು ವರ್ಷದ ನಂತರ, ಒಂದು ಸೆಮಿಸ್ಟರ್ ಪಾಠದಿಂದ ಬಿಡುವು, ಅತಿಥಿ ಉಪನ್ಯಾಸಕರಿಗೂ ಅರ್ಹತೆ. ವರದಿ ಕನ್ನಡದಲ್ಲಿ, ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ. ಈ ಕೊನೆಯ ಷರತ್ತು ಕೇಳಲು ಚೆಂದ, ಮಾಡಲು ಕಷ್ಟ. ಎಪ್‌ಸ್ಟೀನ್, ಶ್ರೀನಿವಾಸ್ ಊರಿನ ಹೆಸರು ಬದಲಿಸಿ, ಇಂಗ್ಲಿಷಿನಲ್ಲಿ ಬರೆದು, ದೂರ ಇದ್ದರು. ಮದ್ದೂರಿನ ಮೇಷ್ಟರು ಕನ್ನಡದಲ್ಲಿ ಬರೆದು ಅಲ್ಲೇ ಇರಬೇಕು. ಹೆಸರು ಬದಲಿಸಿದರೂ ಯಾರ ಮನೆಯ ಮದುವೆ ಮುರಿದದ್ದು, ಯಾರ ಪಾಲು ಯಾರು ನುಂಗಿದ್ದು ಎಂಬುದು ಊರಿಗೆಲ್ಲ ತಿಳಿಯುತ್ತದೆ. ಬೆಳಿಗ್ಗೆ ಡೈರಿ ಮುಂದೆ ಎದುರಾಗುವ ಯಜಮಾನ, "ಏನ್ ಮೇಷ್ಟ್ರೆ, ನಮ್ ಮನೆ ವಿಚಾರ ಪುಸ್ತಕ್ದಾಗೆ ಹಾಕ್ಬುಟ್ರಂತೆ" ಎಂದು ಕೇಳಿಯೇ ಕೇಳುತ್ತಾನೆ. ಏನು ಬರೆಯಬೇಕು, ಏನು ಬಿಡಬೇಕು ಎಂಬುದನ್ನು ಆ ಮನೆಯವರ ಜೊತೆಯೇ ಕೂತು ತೀರ್ಮಾನಿಸಬೇಕಾಗುತ್ತದೆ, ಅದಕ್ಕೂ ಸಮಯ ಹಿಡಿಯುತ್ತದೆ. ಜಗಳ ಆದೀತು ಎಂದು ಹೆದರುವವರಿದ್ದಾರೆ. ನನ್ನ ಮಟ್ಟಿಗೆ ಅಂಥ ಜಗಳ ಒಂದಾದರೂ ಆಗಲಿ ಎಂದೇ ಆಸೆ. ಈಗಿನ ಕಿರು ಯೋಜನೆಗಳ ವರದಿಯೊಂದರ ಮೇಲೆ ಯಾವ ಊರಿನವರಾದರೂ ತಕರಾರು ತೆಗೆದದ್ದನ್ನು ನಾನು ಇದುವರೆಗೆ ಕೇಳಿಲ್ಲ.